ಒಡಪು ಹೇಳಿ ಬಿಡಿಸಿಕೊಂಡ ಅಂಗಡಿ

“ಗದಿಗೆಪ್ಪನ ಅವ್ವಾರ, ಇಂಟರ್‌ನೆಟ್ಟಿನ್ಯಾಗ ಅಂಗಡಿ ತೆಗೀಬೇಕಂದ್ರ ಮೊದಲ ಹೋಸ್ಟಿಂಗ್ ತಗೋಬೇಕಂತ. ನೂರಾರು ಕಂಪನಿ ಅದಾವು. ಯಾವುದು ಆರಿಸಲಿ?”

ನನ್ನ ಹತ್ತಿರ ಕೌದಿ ಹೊಲಿಯುವುದನ್ನು ಕಲಿಯುವ ನಿಂಬೆವ್ವ ಹೀಗೆ ಕೇಳಿದಳು. ಕಂಪನಿ ಒಂದನ್ನು ಹೇಳಿದರೆ ಸಾಕು, ಉಳಿದ ಫಾರ್ಮನ್ನೆಲ್ಲ ತನ್ನ ಗಂಡನೇ ತುಂಬುತ್ತಾನೆ ಎಂದೂ ಸೇರಿಸಿದಳು.

“ಮೊದಲು ಎದ್ದು ಕದ ಮುಂದ ಮಾಡು,” ಎಂದೆ.

ಕದ ಮುಚ್ಚಿದಳು. ನಾನು ಧ್ವನಿ ಇಳಿಸಿದೆ. ನಾನೀಗ ಹೇಳುವುದು ನಿನ್ನ ಕಿವಿಯಲ್ಲೇ ಇರಬೇಕು. ನಿನ್ನ ಅತ್ತೆಗೆ ಹೇಳಬಾರದು. ಆಕೆಗೆ ಹೇಳುವುದೂ ಒಂದೇ, ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿಯುವುದೂ ಒಂದೇ. ಸೂಜಿ ಮುಟ್ಟಿ ಆಣೆ ಮಾಡು. ನಿಂಬೆವ್ವ ಸೂಜಿ ಮುಟ್ಟಿದಳು. ಆಮೇಲೆ ಈ ಕತೆ ಹೇಳಿದೆ.

ನನ್ನ ಬದಿಯ ಮನೆಯಲ್ಲಿ ಒಬ್ಬ ಹೆಂಗಸು ಇದ್ದಾಳೆ. ಹೆಸರು ಕೇಳಬೇಡ, ಹೇಳುವುದಿಲ್ಲ. ಅವಳ ಗಂಡ ತೀರಿ ಕೆಲವು ವರ್ಷಗಳಾದವು. ಅವಳು ಎಳೆಗೂಸುಗಳಿಗೆ ಕುಲಾವಿ ಹೊಲಿಯುತ್ತಾಳೆ. ಕಿವಿ ಮುಚ್ಚಿ ಗಲ್ಲದ ಕೆಳಗೆ ಕಟ್ಟುವ ಟೋಪಿ. ನಮ್ಮ ಕಡೆ ಅದಿಲ್ಲದೆ ಕೂಸನ್ನು ತೊಟ್ಟಿಲಿಗೆ ಹಾಕುವುದಿಲ್ಲ. ನಾನು ಯಾರನ್ನೂ ಸುಮ್ಮನೆ ಹೊಗಳುವವಳಲ್ಲ, ನಿನಗೆ ಗೊತ್ತು. ಆದರೆ ಅವಳ ಕೈಯ ಕುಲಾವಿ ತೊಟ್ಟರೆ ಎಂಥ ಕರೀ ಕೂಸೂ ಚೆಂದ ಕಾಣುತ್ತದೆ. ನಮ್ಮ ಮೊಮ್ಮಗನೇ ಚೆಂದ ಕಂಡ.

ಜನ ಆ ಕುಲಾವಿಯ ಫೋಟೋ ತೆಗೆದು ಫೋನಿನಿಂದ ಫೋನಿಗೆ ಕಳಿಸಿದರು. ಆ ಫೋಟೋ ಹೋಗಿ ಹೋಗಿ ಬೇರೆ ಊರಿನ ಒಂದು ಅಂಗಡಿಯ ಕೈ ಸೇರಿತು. ಆ ಅಂಗಡಿಯವರು ಅದನ್ನು ತಮ್ಮದೇ ಕೆಲಸ ಎಂದು ತೋರಿಸಿ ಮಾರತೊಡಗಿದರು. ಸುದ್ದಿ ತಂದವಳು ನಾನೇ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. “ಹಂಗಾದ್ರ ನಂದು ಅಂತ ಹೇಳಾಕ ನನಗೂ ಒಂದು ಜಾಗ ಬೇಕು,” ಎಂದಳು.

ಅವಳ ಮೈದುನನಿಗೆ ಪೇಟೆಯಲ್ಲಿ ಕಂಪ್ಯೂಟರಿನ ಅಂಗಡಿ ಇದೆ. ಮೂರು ಕುರ್ಚಿ, ಒಂದು ಪಂಖ. ಬೋರ್ಡು ಮಾತ್ರ ವಿಧಾನಸೌಧದಷ್ಟು. ಅವನು ಓಡಿ ಬಂದ. “ವೈನೀ, ನನ್ನ ವೆಬ್‌ಸೈಟಿನ್ಯಾಗ ಒಂದು ಮೂಲಿ ಕೊಡ್ತೀನಿ. ಪುಕ್ಕಟ ತಗೋರಿ. ನಿಮಗ ಇದೆಲ್ಲ ತಿಳಿಯಂಗಿಲ್ಲ,” ಎಂದ.

ಅವಳು ಅವನಿಗೆ ಚಹಾ ಕೊಟ್ಟಳು, ಚೂಡಾ ಕೊಟ್ಟಳು. ಆಮೇಲೆ, “ಬ್ಯಾಡೋ ತಮ್ಮಾ,” ಎಂದಳು. ಗಂಡನ ತಮ್ಮನಿಗೆ, ಮುಖಕ್ಕೆ ಮುಖ ಕೊಟ್ಟು! ಓಣಿಯಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ. ಇರದಂತೆ ನಾನೂ ನೋಡಿಕೊಂಡೆ.

ನಂತರ ಅವಳು ತಾನೇ ಕಂಪನಿಗಳಿಗೆ ಫೋನ್ ಮಾಡಲು ಕುಳಿತಳು. ಹಿತ್ತಿಲಲ್ಲಿ ಕುಲಾವಿ ಹೊಲಿಯುತ್ತಲೇ ಫೋನನ್ನು ಒರಳುಕಲ್ಲಿನ ಮೇಲಿಟ್ಟು, ದೊಡ್ಡ ಧ್ವನಿಗೆ ಹಾಕಿ ಮಾತಾಡುತ್ತಿದ್ದಳು. ನಾನು ಕದ್ದು ಕೇಳಲಿಲ್ಲ. ಹಿತ್ತಿಲ ಗೋಡೆಯನ್ನು ಅಷ್ಟು ಗಿಡ್ಡ ಕಟ್ಟಿದವನನ್ನು ಕೇಳು.

ಹೋಸ್ಟಿಂಗ್ ಎಂದರೆ ಏನೆಂದು ನನಗೂ ಆಗಲೇ ತಿಳಿದದ್ದು. ಹಗಲು ರಾತ್ರಿ ಬಾಗಿಲು ತೆರೆದಿರುವ ಒಂದು ಸಂತೆಯಲ್ಲಿ ಬಾಡಿಗೆಗೆ ಜಾಗ ಹಿಡಿದಂತೆ. ಜಾಗ ಕಂಪನಿಯದು, ಸರಕು ನಮ್ಮದು. ಬಾಗಿಲ ಮೇಲೆ ಬರೆಸುವ ಹೆಸರನ್ನು ಬೇರೆಯಾಗಿ ಕೊಳ್ಳಬೇಕು. ಆ ಹೆಸರು ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗಿಲ್ಲ.

ಒಂದು ಕಂಪನಿಯವರು ಫೋನಿನಲ್ಲಿ ಹಾಡು ಕೇಳಿಸಿದರು. ಕೇಳಿ ಕೇಳಿ ಅವಳ ಒಂದು ಕುಲಾವಿಯೇ ಮುಗಿಯಿತು, ಯಾರೂ ಬರಲಿಲ್ಲ. ಇನ್ನೊಂದು ಕಂಪನಿಯವಳು ಎಷ್ಟು ಬೇಕಾದರೂ ಜಾಗ, ಲೆಕ್ಕವೇ ಇಲ್ಲ, ಇವತ್ತೇ ಹಣ ಕಟ್ಟಿ ಎಂದು ಅವಸರ ಮಾಡಿದಳು. ಇವಳು ನಕ್ಕಳು. “ಬೇ ತಂಗೀ, ನಾ ಕೂಸಿನ ತಲಿ ಅಳತಿ ನೋಡಿ ಕುಲಾವಿ ಹೊಲಿಯಾಕಿ. ಆನಿ ತಲಿ ಅಳತೀದು ನನಗ್ಯಾಕ? ಕೂಸು ಬೆಳೀಲಿ, ಆಗ ದೊಡ್ಡದು ಹೊಲಿಯೋಣು,” ಎಂದಳು. ಮೊದಲ ವರ್ಷ ಇಷ್ಟು ಅಗ್ಗವಾದರೆ ಎರಡನೇ ವರ್ಷ ಎಷ್ಟು ಎಂದು ಕೇಳಿದಳು. ಆ ಕಡೆಯವಳು ಇಂಗ್ಲಿಷಿನಲ್ಲಿ ಏನೋ ಅಂದು ಫೋನ್ ಇಟ್ಟಳು.

ಮುಂದೆ ಒಂದು ಸಣ್ಣ ಕಂಪನಿ. ಫೋನ್ ಎತ್ತಿದ ಹುಡುಗ ಕನ್ನಡದವನು. ಇವಳು ಕೇಳಿದ್ದು ಎರಡೇ ಮಾತು. ಏನೋ ಹೆಚ್ಚುಕಡಿಮೆಯಾಗಿ ನನ್ನ ಸರಕು ಅಳಿಸಿಹೋದರೆ ನಿನ್ನೆಯ ನಕಲು ನಿಮ್ಮ ಹತ್ತಿರ ಇರುತ್ತದೆಯೇ? ಬಾಗಿಲು ಮುಚ್ಚಿಕೊಂಡರೆ ತೆರೆಯುವವರು ಯಾರು?

“ನಕಲು ಇರ್ತದರಿ. ಬಾಗಿಲು ನಾ ತೆಗೀತೀನ್ರಿ ಅಮ್ಮಾ. ನಾ ಇಲ್ಲಂದ್ರ ನನ್ನ ಕುರ್ಚಿ ಮ್ಯಾಲೆ ಕುಂತವರು ತೆಗೀತಾರ,” ಎಂದ.

ಅವಳು ಅವನ ಕಂಪನಿಯನ್ನೇ ಹಿಡಿದಳು. ಅದೂ ಎಲ್ಲಕ್ಕಿಂತ ಚಿಕ್ಕ ಜಾಗ.

ನಿಂಬೆವ್ವ ಇಲ್ಲಿ ಬಾಯಿ ಹಾಕಿದಳು. “ಹಂಗಾದ್ರ ಆ ಕಂಪನಿ ಹೆಸರು ಹೇಳ್ರಿ. ನಾನೂ ಅದನ್ನ ತಗೋತೀನಿ.”

“ನೂಲು ಪೋಣಿಸು,” ಎಂದೆ. “ಕತಿ ಈಗ ಶುರು ಆಗೂದೈತಿ.”

ಇಷ್ಟು ಜಾಣೆ, ನೋಡು, ಇಷ್ಟೆಲ್ಲ ಸೋಸಿ ಆರಿಸಿದವಳು, ಫಾರ್ಮು ತುಂಬುವಾಗ ತಪ್ಪಿದಳು. ಫೋನು ತನ್ನದು ಕೊಟ್ಟಳು. ಇ-ಮೇಲ್ ತನ್ನದು ಕೊಟ್ಟಳು. ಹಣ ತನ್ನ ಖಾತೆಯಿಂದ ಕಟ್ಟಿದಳು. ಒಡೆಯರ ಹೆಸರು ಎಂದು ಕೇಳಿದ ಕಡೆ ಗಂಡನ ಹೆಸರು ಬರೆದಳು. ಯಾರೂ ಬರೆಯಿರಿ ಎನ್ನಲಿಲ್ಲ. ಮನೆ ಅವನ ಹೆಸರಿನಲ್ಲಿತ್ತು, ನಳ ಅವನ ಹೆಸರಿನಲ್ಲಿತ್ತು, ಗ್ಯಾಸು ಅವನ ಹೆಸರಿನಲ್ಲಿತ್ತು. ಕೈ ತಾನಾಗಿ ಬರೆಯಿತು. ನೀನಿದ್ದರೂ ಅದನ್ನೇ ಬರೆಯುತ್ತಿದ್ದೆ. ನಾನೂ.

ಅಂಗಡಿ ತೆರೆಯಿತು. ಕೆಂಪು ಖಣದ ಕುಲಾವಿ, ಗಿಳಿಹಸಿರು ಕುಲಾವಿ, ತುದಿಗೆ ಮುತ್ತು ಕಟ್ಟಿದ ಕುಲಾವಿ, ಎಲ್ಲ ಅಲ್ಲಿ ಸಾಲಾಗಿ ಕುಳಿತವು. ಯಾರ್ಯಾರೋ ದೂರದ ಬಾಣಂತಿಯರು ಬರೆದು ಕೇಳಿದರು. ನಾನು ಹೊಟ್ಟೆ ಉರಿದುಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ದಿನಕ್ಕೊಮ್ಮೆ ಮಗ ಗದಿಗೆಪ್ಪನ ಫೋನಿನಲ್ಲಿ ಆ ಅಂಗಡಿ ತೆಗೆಸಿ ನೋಡುತ್ತಿದ್ದೆ.

ಮೈದುನನೂ ನೋಡಿದ. ಒಂದು ಮಧ್ಯಾಹ್ನ ಬಂದು, “ಎಲ್ಲಾ ಸರಿ ಅದಾವೋ ಇಲ್ಲೋ ನೋಡ್ತೀನಿ ವೈನೀ,” ಎಂದು ಅವಳ ಫೋನು ತೆಗೆದುಕೊಂಡ. ಒಡೆಯರ ಹೆಸರು ಅವನ ಕಣ್ಣಿಗೆ ಬಿತ್ತು. ಗೋಡೆಯ ಮೇಲಿದ್ದ ಅಣ್ಣನ ಫೋಟೋಕ್ಕೆ ಕೈ ಮುಗಿದ. ಅಣ್ಣ ಆಸ್ಪತ್ರೆಯಲ್ಲಿದ್ದಾಗ ಒಂದು ದಿನವೂ ಬಂದು ನೋಡದವನು ಅಂದು ಕಣ್ಣೀರು ಹಾಕಿದ.

“ಅಣ್ಣನ ಹೆಸರಿನ್ಯಾಗ ಐತಿ ಅಂದ್ರ ಮನಿತನದ್ದಾತಲ್ಲ ವೈನೀ,” ಎಂದ. “ನಾಳೆ ಮುಂಜಾನೆ ಕಂಪನಿಗೆ ಫೋನ್ ಮಾಡಿ ನನ್ನ ಹೆಸರಿಗೆ ಮಾಡಿಸಿಕೋತೀನಿ. ನೀವು ಹೊಲಕೋತ ಇರ್ರಿ. ಮಾರೂದು ನಂಗ ಬಿಡ್ರಿ.”

ಅವನು ಹೋದ. ಅವಳು ಹಿತ್ತಿಲಿಗೆ ಬಂದು ಒರಳುಕಲ್ಲಿನ ಹತ್ತಿರ ಕುಳಿತಳು. ಕೈಯಲ್ಲಿ ಸೂಜಿ ಇತ್ತು, ಹೊಲಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಫೋನು ತೆಗೆದಳು. ನಾನು ಮೆಣಸಿನಕಾಯಿ ಒಣಹಾಕಲು ಗೋಡೆಯ ಹತ್ತಿರ ಹೋದೆ. ಮೆಣಸಿನಕಾಯಿ ಮುಂಜಾನೆಯೇ ಒಣಗಿದ್ದವು.

ಅದೇ ಹುಡುಗ ಫೋನ್ ಎತ್ತಿದ. ಹೆಸರು ಬದಲಿಸಬೇಕು ಎಂದಳು. ಆಗಲಿ ಎಂದ. “ಈಗ ಬರೆಸಿರೋ ಒಡೆಯರ ಹೆಸರು ಹೇಳ್ರಿ ಅಮ್ಮಾ. ಆಮ್ಯಾಲೆ ನಿಮ್ಮ ಫೋನಿಗೆ ಒಂದು ನಂಬರ್ ಬರ್ತದ, ಅದನ್ನ ಓದಿ ಹೇಳ್ರಿ.”

ಅವಳು ಹೇಗೆ ಹೇಳುತ್ತಾಳೆ? ನಮ್ಮ ಕಾಲದವರು ಗಂಡನ ಹೆಸರನ್ನು ಬಾಯಿಂದ ಹೇಳುತ್ತಿರಲಿಲ್ಲ. ಅವನು ಇದ್ದಾಗಲೂ ಇಲ್ಲ, ಹೋದ ಮೇಲೂ ಇಲ್ಲ. ಬರೆದರೆ ನಡೆಯುತ್ತದೆ. ಆಡಬಾರದು.

“ಬರದು ಕಳಿಸಲೇನಪಾ?” ಎಂದಳು.

“ಬರದು ಕಳಿಸಿದ್ರ ನಾಳೆ ಸಂಜಿ ಆಗ್ತದರಿ. ಬ್ಯಾರೆ ಯಾರರೆ ಅದಕ್ಕಿಂತ ಮೊದಲು ಕೇಳಿದ್ರ ತಕರಾರು ಆಗ್ತದ. ನೀವೇ ಈಗ ಹೇಳಿಬಿಡ್ರಿ.”

“ನನ್ನ ಬಾಯಿಲೆ ಬರಂಗಿಲ್ಲಪಾ.”

“ತಪ್ಪು ತಿಳೀಬ್ಯಾಡ್ರಿ ಅಮ್ಮಾ. ಹೆಸರು ಹೇಳದ ಬಾಗಲಾ ತೆಗಿಯೂ ಹಂಗಿಲ್ಲ.”

ಅವಳು ತಲೆ ಎತ್ತಿದಳು. ನಾನು ಗೋಡೆಯ ಈಚೆ ಮೆಣಸಿನಕಾಯಿ ಹಿಡಿದು ನಿಂತವಳು ಹಾಗೆಯೇ ನಿಂತೆ. ಹೆಸರು ಹೇಳದೆ ಬಾಗಿಲು ತೆಗೆಯುವುದಿಲ್ಲ ಎನ್ನುವ ಮಾತನ್ನು ನಾವಿಬ್ಬರೂ ಮೊದಲು ಕೇಳಿದ್ದು ಮದುವಣಗಿತ್ತಿಯರಾಗಿದ್ದಾಗ. ನೀನೂ ಕೇಳಿದ್ದೀ. ಗಂಡನ ಮನೆಯ ಹೊಸ್ತಿಲಲ್ಲಿ ನಾದಿನಿಯರು ಅಡ್ಡ ನಿಂತು ಒಡಪು ಹೇಳು ಎನ್ನುತ್ತಾರೆ. ಗಂಡನ ಹೆಸರನ್ನು ಪ್ರಾಸದ ಮಾತಿನಲ್ಲಿ ಸುತ್ತಿ ಹೇಳಿದರೆ ದೋಷವಿಲ್ಲ. ಹೇಳಿದ ಮೇಲೆ ಒಳಗೆ ಬಿಡುತ್ತಾರೆ.

ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡಳು. ಒರಳುಕಲ್ಲಿನ ಮೇಲಿದ್ದ ಫೋನಿಗೆ, ಮುಖ ನೋಡದ ಪರಗಂಡಸಿಗೆ, ಒಡಪು ಹೇಳಿದಳು.

“ತೊಟ್ಟಿಲ ಮ್ಯಾಲೆ ಗಿಳಿಗೋಳು ಒಪ್ಪ,
ಕೂಸಿನ ತಲಿಗೆ ಕುಲಾವಿ ಒಪ್ಪ,
ನಮ್ಮ ಮನಿಗೆ ಅಡಿವೆಪ್ಪ.”

ಅಯ್ಯೋ, ಹೆಸರು ಹೊರಬಿತ್ತು. ಯಾರ ಮನೆಯ ಕತೆ ಎಂದು ಈಗ ನಿನಗೆ ತಿಳಿಯಿತು. ಇರಲಿ, ಸೂಜಿ ಮುಟ್ಟಿದ್ದೀ.

ಆ ಕಡೆ ಹುಡುಗ ಕೀಲಿ ಒತ್ತಿದ ಟಕಟಕ ಕೇಳಿತು. “ಅಡಿವೆಪ್ಪ. ಸರಿ ಐತ್ರಿ ಅಮ್ಮಾ,” ಎಂದ. “ನಮ್ಮವ್ವನೂ ಹಿಂಗ ಹೇಳ್ತಿದ್ಲು.” ಫೋನಿಗೆ ನಂಬರು ಬಂತು. ಓದಿ ಹೇಳಿದಳು.

“ಈಗ ಯಾರ ಹೆಸರಿಗೆ ಮಾಡಲಿ?” ಎಂದ.

ಅವಳು ಸೂಜಿಯನ್ನು ಸೆರಗಿಗೆ ಚುಚ್ಚಿದಳು. ಅವಳನ್ನು ಹಾಗೆ ಯಾರೂ ಕೇಳಿರಲಿಲ್ಲ.

“ಮಕ್ಕಳ ಹೆಸರಿಗೇನ್ರಿ?”

“ಅಲ್ಲ.”

“ಮತ್ತ?”

“ಫಕೀರವ್ವ,” ಎಂದಳು. ಅವಳ ಧ್ವನಿ ಅಷ್ಟು ದೊಡ್ಡದಿದೆ ಎಂದು ನನಗೆ ತಿಳಿದಿರಲಿಲ್ಲ. ಗಿಡದಲ್ಲಿ ಕುಳಿತ ಕಾಗೆ ಹಾರಿತು.

“ಮುಂದ ಗಂಡನ ಹೆಸರು ಸೇರಿಸಲೇನ್ರಿ?”

“ಬ್ಯಾಡಪಾ. ಅವರದು ಅವರಿಗಿರಲಿ. ಇದು ನಂದು.”

ಹೆಸರು ಹೇಳುವುದಿಲ್ಲ ಎಂದು ಮೊದಲು ಬಿಂಕ ಮಾಡಿದೆನಲ್ಲ ನಿಂಬೆವ್ವಾ, ಆ ಗಳಿಗೆಯವರೆಗೆ ಅವಳ ಹೆಸರು ನನಗೇ ಗೊತ್ತಿರಲಿಲ್ಲ. ಅಡಿವೆಪ್ಪನ ಹೆಂಡತಿ ಎನ್ನುತ್ತಿದ್ದೆವು. ಅವನು ಹೋದ ಮೇಲೆ ಕುಲಾವಿಯಾಕಿ ಎಂದೆವು. ಮಗ್ಗುಲ ಮನೆ. ಅವಳ ಮನೆಯ ಸಾರಿಗೆ ಉಪ್ಪು ಹೆಚ್ಚಾದರೂ ನನಗೆ ತಿಳಿಯುತ್ತಿತ್ತು.

ಮರುದಿನ ಮುಂಜಾನೆ ಮೈದುನ ಕಂಪನಿಗೆ ಫೋನ್ ಮಾಡಿದ. ಒಡೆಯರು ನೀವಲ್ಲ, ನಿಮ್ಮ ಜೊತೆ ಆ ಮಾತು ಆಡುವಂತಿಲ್ಲ ಎಂದರು. ಅವನು ಓಣಿಯ ನಡುವೆ ನಿಂತು ಮನೆತನ, ಮರ್ಯಾದೆ ಎಂದು ಕೂಗಿದ. ಇವಳು ಒಳಗೆ ಹೊಲಿಯುತ್ತ ಕುಳಿತಿದ್ದಳು, ಹೊರಗೆ ಬರಲಿಲ್ಲ. ಕೂಗಿದ ಮೇಲೆ ಅವನಿಗೆ ನೀರಡಿಕೆಯಾಯಿತು. ನೀರು ಕುಡಿಯಲು ನಮ್ಮ ಮನೆಗೆ ಬಂದ. ನಾನು ಕೊಡ ಖಾಲಿ ಎಂದೆ. ಖಾಲಿ ಇರಲಿಲ್ಲ.

ಅಷ್ಟಾದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ! ಗಂಡ ಸತ್ತವಳು ಫೋನಿನಲ್ಲಿ ಒಡಪು ಹೇಳಿದಳು ಎಂದು ಊರ ಅಗಸಿ ಬಾಗಿಲಿನಿಂದ ಕೆರೆಯವರೆಗೆ ಹೇಳಿಬಂದೆ. ಕೆಲವರು ಮೂಗಿನ ಮೇಲೆ ಬೆರಳಿಟ್ಟರು. ಕೆಲವರು ಒಡಪು ಯಾವುದು, ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ಹೇಳುವಾಗಲೆಲ್ಲ ಅದು ಮೊದಲಿಗಿಂತ ಚೆಂದ ಕೇಳಿಸಿತು.

ನಿಂಬೆವ್ವ ಸೂಜಿ ನಿಲ್ಲಿಸಿದ್ದಳು. “ಅಕಿಗೆ ಗೊತ್ತಾಗಲಿಲ್ಲೇನ್ರಿ, ನೀವು ಹೇಳಿದ್ದು?” ಎಂದಳು.

ಗೊತ್ತಾಗದೆ ಇರುತ್ತದೆಯೇ? ಎದುರಾಗುವ ಮೊದಲು ನಾನೇ ಅವಳ ಮನೆಗೆ ಹೋದೆ. ಹೊಸ್ತಿಲಲ್ಲಿ ನಿಂತು ಕೇಳಿದೆ. “ಗಂಡ ಇಲ್ಲದಾಕಿ ಒಡಪು ಹೇಳಬಹುದೇನ ಬೇ? ಅದೂ ಪರಗಂಡಸಿಗೆ? ನಾಲ್ಕು ಮಂದಿ ಏನಂದಾರು?”

ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಆಗಲಿಲ್ಲ. ಮುಗಿಸಿದ ಕುಲಾವಿಯ ನೂಲನ್ನು ಹಲ್ಲಿನಿಂದ ಕಡಿದಳು. ಎದ್ದು ಬಂದು ಹೊಸ್ತಿಲಿಗೆ ಅಡ್ಡ ಕೈ ಇಟ್ಟು, ನನ್ನ ಮುಖ ನೋಡಿ ಹೇಳಿದಳು:

“ಒಳಗ ಬಾ ಯಕ್ಕಾ, ಗದಿಗೆಪ್ಪನ ಅವ್ವ ಅನಬ್ಯಾಡ, ನಿನ್ನ ಹೆಸರೇನು ಹೇಳು, ಬಿಡ್ತೀನಿ.”