ಬೆಲ್ಲದ ವ್ಯಾಪಾರಿಯ ಮೇಲ್ಮನವಿ

"ಗುರುಗಳೇ, ಯಾರಿಗೂ ಕೆಡುಕಾಗದ ಸುಳ್ಳನ್ನು ಹೇಳಿದರೆ ತಪ್ಪೇ?" ಎಂದು ಶಿಷ್ಯ ಕೇಳಿದ.

ಯಾವ ಸುಳ್ಳು ಎಂದು ಗುರುಗಳು ಕೇಳಿದರು.

ಶಿಷ್ಯ ಹೇಳಿದ. ಅವನ ಮಗ ಪೇಟೆಯ ದೊಡ್ಡ ಪ್ರೌಢಶಾಲೆಯ ಪ್ರವೇಶ ಪರೀಕ್ಷೆ ಬರೆದಿದ್ದ. ಸ್ವಲ್ಪದರಲ್ಲಿ ಸೀಟು ತಪ್ಪಿತ್ತು. ಅಪ್ಪ ಮೇಲ್ಮನವಿ ಹಾಕಿದ್ದ. ಮರುದಿನ ಬೆಳಿಗ್ಗೆ ವಿಚಾರಣೆ. ಮಗನನ್ನೂ ಕರೆದುಕೊಂಡು ಬರಬೇಕೆಂದು ಸಮಿತಿಯವರು ತಿಳಿಸಿದ್ದರು. ಹುಡುಗನಿಗೆ ಅಕ್ಷರಗಳು ಕಣ್ಣೆದುರು ಕಲಸಿಹೋಗುತ್ತವೆ, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ ಎಂದು ಹೇಳಿದರೆ ಸೀಟು ಸಿಗುತ್ತದೆ ಎಂದು ತಿಳಿದವರು ಹೇಳಿಕೊಟ್ಟಿದ್ದರು.

"ಅವನಿಗೆ ಹಾಗೇನೂ ಇಲ್ಲ ಗುರುಗಳೇ. ಚುರುಕಾಗಿಯೇ ಇದ್ದಾನೆ. ಒಂದು ದಿನದ ಮಾತು, ಹೇಳಿ ಬಂದರೆ ಮುಗಿಯಿತು. ಇದರಿಂದ ಯಾರಿಗೆ ನಷ್ಟ?"

ಗುರುಗಳು "ಕೂತುಕೋ" ಎಂದರು. ಶಿಷ್ಯ ಕುಳಿತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಸುತ್ತಲಿನ ಆಲೆಮನೆಗಳಿಂದ ರೈತರು ಗಾಡಿಯಲ್ಲಿ ಬೆಲ್ಲ ಹೇರಿಕೊಂಡು ಅವನ ಮಂಡಿಗೆ ಬರುತ್ತಿದ್ದರು. ಅವನು ಕೆಟ್ಟವನಲ್ಲ. ತೂಕದಲ್ಲಿ ಮೋಸ ಮಾಡುತ್ತಿರಲಿಲ್ಲ. ಆದರೆ ಕೊಳ್ಳುವ ಮೊದಲು ಸರಕನ್ನು ಹಳಿಯುವುದು ಆ ವ್ಯಾಪಾರದ ಪದ್ಧತಿ. ಅವನ ಅಪ್ಪ ಹಳಿಯುತ್ತಿದ್ದ, ಅಜ್ಜನೂ ಹಳಿಯುತ್ತಿದ್ದ. ಹಳಿಯದೆ ಕೊಂಡರೆ ರೈತನಿಗೇ ಅನುಮಾನ ಬರುತ್ತಿತ್ತು.

ಅವನು ಒಂದು ಅಚ್ಚನ್ನು ಮುರಿದು, ಚೂರನ್ನು ಬಾಯಿಗೆ ಹಾಕಿಕೊಂಡು, ಮುಖ ಕಿವಿಚುತ್ತಿದ್ದ.

"ಇದೇನಯ್ಯಾ, ಗದ್ದೆ ಮಣ್ಣನ್ನೇ ಅಚ್ಚು ಹೊಯ್ದು ತಂದಿದ್ದೀಯಲ್ಲ!"

"ನಿಮ್ಮ ನಾಲಿಗೆಗೆ ಏನಾಗಿದೆ ಸಾಹುಕಾರ್ರೇ? ಈ ಬೆಲ್ಲ ನೆಕ್ಕಿಸಿದರೆ ಅಳೋ ಮಗು ಬಾಯಿ ಮುಚ್ತದೆ."

"ಮುಚ್ತದೆ ಮುಚ್ತದೆ. ತುಟಿ ಅಂಟಿಕೊಂಡ ಮೇಲೆ ಇನ್ನೆಲ್ಲಿ ತೆರೀತದೆ?"

ಹೀಗೆ ನಡೆದು ನಡೆದು ವ್ಯಾಪಾರ ಕುದುರುತ್ತಿತ್ತು. ಆಮೇಲೆ ಇಬ್ಬರೂ ನಗುತ್ತ ಚಹಾ ಕುಡಿಯುತ್ತಿದ್ದರು. ಸಂಜೆ ಅದೇ ಬೆಲ್ಲವನ್ನು ವ್ಯಾಪಾರಿ ಬಾಯ್ತುಂಬ ಹೊಗಳಿ ಮಾರುತ್ತಿದ್ದ. ಬೆಲ್ಲ ಮಾತ್ರ ಬೆಳಿಗ್ಗೆ ಹೇಗಿತ್ತೋ ಸಂಜೆಯೂ ಹಾಗೆಯೇ ಇರುತ್ತಿತ್ತು.

ಅವನಿಗೆ ಒಬ್ಬಳೇ ಮಗಳು, ನೀಲಮ್ಮ. ಬಹಳ ಮಾತುಗಾತಿ. ಮಂಡಿಯ ಮೂಲೆಯಲ್ಲಿ ಮೂಟೆಯ ಮೇಲೆ ಕುಳಿತು ಬಂದವರನ್ನೆಲ್ಲ ಪ್ರಶ್ನೆ ಕೇಳಿ ಪೀಡಿಸುತ್ತಿದ್ದಳು. ಕಬ್ಬಿನ ಹಾಲು ಕುದಿಯುವಾಗ ಬೆಂಡೆಯ ಲೋಳೆ ಏಕೆ ಹಾಕುತ್ತೀರಿ? ಮಳೆಗಾಲದಲ್ಲಿ ಬೆಲ್ಲ ಏಕೆ ಬೆವರುತ್ತದೆ? ಉತ್ತರ ಬಾರದಿದ್ದರೆ ತಾನೇ ಯೋಚಿಸಿ ಹೇಳುತ್ತಿದ್ದಳು. ಗಾಳಿಯಲ್ಲಿ ನೀರಿದೆ, ಬೆಲ್ಲ ಅದನ್ನು ಕುಡಿಯುತ್ತದೆ ಎಂದು ಒಂದು ಮಳೆಗಾಲದಲ್ಲಿ ಹೇಳಿದ್ದಳು.

"ನಿಮ್ಮ ಮಗಳನ್ನ ಒಳಗೆ ಕಳಿಸಿ ಸಾಹುಕಾರ್ರೇ. ನಾನು ಬೆಲ್ಲ ಮಾರೋಕೆ ಬಂದೋನು, ಪರೀಕ್ಷೆ ಬರೆಯೋಕಲ್ಲ" ಎಂದು ರೈತರು ಗೋಳಾಡುತ್ತಿದ್ದರು. ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಸಂತೋಷ ಬೇರೆ ಇರಲಿಲ್ಲ.

ಊರಿನ ಶಾಲೆ ಏಳನೆಯ ತರಗತಿಗೆ ಮುಗಿಯುತ್ತಿತ್ತು. ಮುಂದೆ ಓದಲು ಎರಡು ಪ್ರೌಢಶಾಲೆಗಳಿದ್ದವು. ಒಂದು ತಗಡಿನ ಮಾಡಿನದು, ಅಲ್ಲಿಗೆ ಯಾರು ಬೇಕಾದರೂ ಹೋಗಬಹುದು. ಇನ್ನೊಂದು ಗುಡ್ಡದ ಮೇಲಿನದು. ಅಲ್ಲಿ ಸೇರಲು ಪರೀಕ್ಷೆ ಬರೆಯಬೇಕು. ಬರೆದವರು ಬಹಳ, ಸೀಟು ಕಡಿಮೆ. ಪರೀಕ್ಷೆ ಆದ ಮೇಲೆ ಇಷ್ಟು ಅಂಕಕ್ಕೆ ಎಂದು ಒಂದು ಗೆರೆ ಎಳೆಯುತ್ತಿದ್ದರು. ನೀಲಮ್ಮ ಆ ಗೆರೆಯ ಕೆಳಗೇ ನಿಂತಳು.

ಅಂದು ಅವಳು ಅತ್ತಳು. ಮಾರನೆಯ ಬೆಳಿಗ್ಗೆ ರೊಟ್ಟಿ ತಿನ್ನುತ್ತ, "ಹೋಗಲಿ ಬಿಡಪ್ಪಾ. ತಗಡಿನ ಶಾಲೆಗೇ ಹೋಗ್ತೀನಿ. ಮಳೆ ಬಂದಾಗ ಮೇಷ್ಟ್ರ ಮಾತು ಕೇಳಿಸಲ್ಲವಂತೆ. ಆಗ ನಾನೇ ಜೋರಾಗಿ ಪಾಠ ಮಾಡ್ತೀನಿ" ಎಂದಳು. ತಾಯಿ ನಕ್ಕಳು. ತಂದೆ ನಗಲಿಲ್ಲ. ಮಗಳಿಗೆ ಅದು ಒಂದು ರಾತ್ರಿಯ ದುಃಖವಾಗಿತ್ತು. ಅವನಿಗೆ ಅದು ಅಲ್ಲಿಗೆ ಮುಗಿಯಲಿಲ್ಲ. ಅವನು ಮೇಲ್ಮನವಿ ಹಾಕಿದ.

ಆ ಊರಿನ ಮೇಲ್ಮನವಿಗೆ ಒಂದು ನಿಯಮವಿತ್ತು. ಅಂಕ ಸರಿಯೇ ತಪ್ಪೇ ಎಂದು ಯಾರೂ ಕೇಳುವಂತಿರಲಿಲ್ಲ. ಅಂಕ ಏಕೆ ಕಡಿಮೆ ಬಂತು ಎಂಬುದಕ್ಕೆ ಕಾರಣ ಹೇಳಬಹುದು, ಅಷ್ಟೇ. ಕಾರಣ ಗಟ್ಟಿಯಾಗಿದ್ದರೆ ಸಮಿತಿಯ ಹಿರಿಯರು ಸೀಟು ಕೊಡುತ್ತಿದ್ದರು. ಹೇಳುವಾಗ ಮಗುವೂ ಅಲ್ಲಿರಬೇಕು.

ಕಾರಣ ಹೇಳುವ ಕೆಲಸ ವ್ಯಾಪಾರಿಗೆ ಕಷ್ಟವೆನಿಸಲಿಲ್ಲ. ತಾನು ಏನು ಹೇಳಲಿದ್ದೇನೆ ಎಂದು ಹೆಂಡತಿಗೆ ಹೇಳಿದ.

"ಅವಳ ಎದುರಿಗೇ ಹೇಳ್ತೀರಾ ಇದನ್ನೆಲ್ಲ?" ಎಂದು ಅವಳು ಕೇಳಿದಳು.

"ಹೇಳಿದರೇನಾಯ್ತೇ? ಇಷ್ಟು ವರ್ಷದಲ್ಲಿ ನಾನು ಹಳಿದ ಬೆಲ್ಲ ಎಂದಾದರೂ ಕಹಿಯಾಗಿದ್ದು ಕಂಡಿದ್ದೀಯಾ?"

ಅವಳೂ ವ್ಯಾಪಾರಿಯ ಮನೆಯಲ್ಲಿ ಬಾಳಿದವಳು. ಆ ಮಾತು ಅವಳಿಗೆ ಸರಿ ಎನಿಸಿತು.

ವಿಚಾರಣೆಯ ದಿನ ಗುಡ್ಡದ ಶಾಲೆಯ ಜಗಲಿಯಲ್ಲಿ ತಂದೆತಾಯಂದಿರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಯುತ್ತಿದ್ದರು. ಒಬ್ಬ ದರ್ಜಿ ವ್ಯಾಪಾರಿಯ ಕಡೆ ವಾಲಿ, "ನಿಮ್ಮದೇನು?" ಎಂದು ಮೆಲ್ಲಗೆ ಕೇಳಿದ.

"ಜ್ವರ. ಆಮೇಲೆ ನೆನಪಿನ ಶಕ್ತಿ ಹೋಯ್ತು. ನಿಮ್ಮದು?"

"ತೊದಲು. ಆದರೆ ಈ ಪೋರ ಬೆಳಿಗ್ಗೆಯಿಂದ ಒಂದು ಸಲವೂ ತೊದಲಿಲ್ಲ ನೋಡಿ."

"ನೆನಪಿನದಾದರೆ ನಡೆಯುತ್ತೆ ಬಿಡಿ" ಎಂದು ಆಚೆ ಕುಳಿತಿದ್ದ ಹೆಂಗಸು ಸಮಾಧಾನ ಹೇಳಿದಳು. "ಹೋದ ವರ್ಷ ನಮ್ಮ ಓರಗಿತ್ತಿ ಮಗನಿಗೆ ಅದರಲ್ಲೇ ಸಿಕ್ಕಿದ್ದು."

ಒಳಗಿನಿಂದ ಕರೆ ಬಂತು. ವ್ಯಾಪಾರಿ ಮೇಜಿನ ಮುಂದೆ ನಿಂತ. ನೀಲಮ್ಮನನ್ನು ಗೋಡೆಯ ಬಳಿ ನಿಲ್ಲಿಸಿದರು. ನಿಜವನ್ನೇ ಹೇಳುತ್ತೇನೆಂದು ದೇವರ ಮೇಲೆ ಆಣೆ ಮಾಡಿ, ಅವನು ಕೈ ಮುಗಿದು ಶುರುಮಾಡಿದ.

"ಏನು ಹೇಳಲಿ ಸ್ವಾಮಿ. ಚಿಕ್ಕಂದಿನಲ್ಲಿ ದೊಡ್ಡ ಜ್ವರ ಬಂದು ಉಳಿದ ಮಗು. ಅಂದಿನಿಂದ ತಲೆಯಲ್ಲಿ ಏನೂ ನಿಲ್ಲುವುದಿಲ್ಲ. ಬೆಳಿಗ್ಗೆ ಹೇಳಿಕೊಟ್ಟಿದ್ದು ಸಂಜೆಗೆ ಇರುವುದಿಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಡಲು ಹೆದರುತ್ತಾಳೆ. ಬೇರೆ ಮಕ್ಕಳ ಹಾಗಲ್ಲ ಸ್ವಾಮಿ ಇವಳು."

ಮಂಡಿಯಲ್ಲಿ ಮಾತನಾಡುವಂತೆಯೇ ಅವನು ಆರಂಭಿಸಿದ್ದ. ಮಾತು ಒಂದರ ಹಿಂದೆ ಒಂದು ತಾನಾಗಿ ಬಂತು. ನಡುವೆ ಒಮ್ಮೆ ತಿರುಗಿ ಮಗಳನ್ನು ನೋಡಿದ. ಅವಳು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು, ಬಹಳ ಚಿಕ್ಕವಳಾಗಿ ಕಂಡಳು. ಇದೆಲ್ಲ ನಿಜವಾಗಿದ್ದರೆ ತಾನು ಏನು ಮಾಡುತ್ತಿದ್ದೆ ಎಂದು ಒಂದು ಕ್ಷಣ ಅವನಿಗೆ ಅನಿಸಿತು. ಕಣ್ಣಲ್ಲಿ ನೀರು ಬಂತು. ಅಳಬೇಕೆಂದು ಅವನು ಅಂದುಕೊಂಡಿರಲಿಲ್ಲ. ಆದರೂ ಅತ್ತ.

ಹಿರಿಯರಲ್ಲಿ ಒಬ್ಬರು ಹುಡುಗಿಯ ಕಡೆ ತಿರುಗಿ, "ಹೌದೇನಮ್ಮಾ?" ಎಂದು ಕೇಳಿದರು.

ನೀಲಮ್ಮ ತಂದೆಯ ಮುಖ ನೋಡಿದಳು. ತಂದೆ ಕಣ್ಣೊರೆಸಿಕೊಳ್ಳುತ್ತ ತಲೆಯಾಡಿಸಿದ. "ಹೌದು" ಎಂದಳು.

ಸೀಟು ಸಿಕ್ಕಿತು.

ದಾರಿಯಲ್ಲಿ ಅವಳು ಮಾತನಾಡಲಿಲ್ಲ. ಹಸಿದಿದ್ದಾಳೆ ಎಂದು ತಂದೆ ತಿಳಿದ. ಮನೆಗೆ ಬಂದವನೇ ಬೀದಿಗೆಲ್ಲ ಬೆಲ್ಲ ಹಂಚಿದ. ಮಗಳಿಗೂ ಒಂದು ಚೂರು ಕೊಟ್ಟ. ಅದು ಅಂಗೈಯಲ್ಲಿ ಕರಗಿ ಅಂಟುವವರೆಗೂ ಅವಳು ಹಿಡಿದುಕೊಂಡೇ ನಿಂತಿದ್ದಳು.

ಅವಳು ಗುಡ್ಡದ ಶಾಲೆಗೆ ಹೋಗತೊಡಗಿದಳು. ಸಂಜೆ ಬಂದು ಒಳಮನೆಯಲ್ಲಿ ಕುಳಿತುಕೊಳ್ಳುತ್ತಿದ್ದಳು. ಮಂಡಿಯ ಕಡೆ ಬರುವುದನ್ನು ಬಿಟ್ಟಳು. ರೈತರು, "ಎಲ್ಲಿ ಸಾಹುಕಾರ್ರೇ ನಮ್ಮ ಪರೀಕ್ಷಕರು?" ಎಂದು ಕೇಳಿದರೆ, "ದೊಡ್ಡ ಶಾಲೆಯಲ್ಲವೇ, ಓದು ಹೆಚ್ಚು" ಎಂದು ಅವನು ಹೆಮ್ಮೆಯಿಂದ ಹೇಳುತ್ತಿದ್ದ.

ಮಳೆಗಾಲದಲ್ಲಿ ಒಂದು ದಿನ ಅವನು ಶಾಲೆಗೆ ಹೋಗಿ ಮಗಳ ಓದು ಹೇಗಿದೆ ಎಂದು ಉಪಾಧ್ಯಾಯಿನಿಯನ್ನು ಕೇಳಿದ. ಆಕೆ ಒಳ್ಳೆಯ ಹೆಂಗಸು.

"ನೀವು ಚಿಂತೆ ಮಾಡಬೇಡಿ. ನೀವು ಹೇಳಿದ್ದಿರಲ್ಲ, ಹಾಗೆಯೇ ಇದ್ದಾಳೆ. ಏನು ಕೇಳಿದರೂ, ನನಗೆ ನೆನಪು ನಿಲ್ಲೋದಿಲ್ಲ ಟೀಚರ್, ಚಿಕ್ಕಂದಿನಲ್ಲಿ ಜ್ವರ ಬಂದಿತ್ತು ಅಂತಾಳೆ. ನಾವೂ ಅವಳನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ್ದೇವೆ. ಯಾರೂ ಪ್ರಶ್ನೆ ಕೇಳಿ ತೊಂದರೆ ಕೊಡುವುದಿಲ್ಲ."

ವ್ಯಾಪಾರಿ ಮನೆಗೆ ಬಂದ. ಮಗಳ ಎದುರು ಕುಳಿತ.

"ಮಳೆಗಾಲದಲ್ಲಿ ಬೆಲ್ಲ ಯಾಕೆ ಬೆವರ್ತದೆ, ಹೇಳು ತಾಯಿ."

"ನೆನಪಿಲ್ಲಪ್ಪಾ."

"ನೀನೇ ಹೇಳಿದ್ದೆಯಲ್ಲೇ, ಗಾಳಿಯಲ್ಲಿ ನೀರಿರ್ತದೆ ಅಂತ."

"ಹೇಳಿದ್ದೆನಾ?"

ಅವನು ಅವಳ ಕೈ ಹಿಡಿದುಕೊಂಡ. ಅಂದು ಹೇಳಿದ್ದೆಲ್ಲ ಸುಳ್ಳು, ಸೀಟಿಗಾಗಿ ಹೇಳಿದ್ದು, ನಿನಗೆ ಜ್ವರವೂ ಬಂದಿರಲಿಲ್ಲ ಏನೂ ಬಂದಿರಲಿಲ್ಲ ಎಂದ. ಮಂಡಿಯಲ್ಲಿ ದಿನವೂ ಹೇಳುವ ಮಾತಿನಂಥದೇ ಅದು ಎಂದ. ಅವಳು ಪೂರ್ತಿ ಕೇಳಿದಳು. ಆಮೇಲೆ ಅವನನ್ನೇ ಸಮಾಧಾನ ಮಾಡುವವಳಂತೆ ಹೇಳಿದಳು:

"ಮಂಡಿಯಲ್ಲಿ ನೀನು ಯಾವತ್ತೂ ಅಳಲ್ಲವಲ್ಲಪ್ಪಾ."

ಆಣೆ ಮಾಡಿ ಹೇಳೋಣವೆಂದರೆ, ಅಂದು ಹಿರಿಯರ ಮುಂದೆಯೂ ಅವನು ದೇವರ ಮೇಲೆ ಆಣೆ ಮಾಡಿಯೇ ಬಂದಿದ್ದ.

ಮರುದಿನ ಮಂಡಿಯ ಮುಂದೆ ಒಂದು ಗಾಡಿ ಬಂದು ನಿಂತಿತು. ವ್ಯಾಪಾರಿ ಒಂದು ಅಚ್ಚನ್ನು ಮುರಿದ. ಚೂರನ್ನು ಬಾಯಿಗೆ ಹಾಕಿಕೊಂಡ. ಏನೂ ಹೇಳದೆ ನಿಂತ. ರೈತ ಕಾದ. ಕೊನೆಗೆ ಗಾಬರಿಯಿಂದ ಕೇಳಿದ:

"ಏನು ಸಾಹುಕಾರ್ರೇ, ಏನೂ ಅನ್ನಲಿಲ್ಲ? ಬೆಲ್ಲ ಅಷ್ಟೊಂದು ಕೆಟ್ಟುಹೋಗಿದೆಯಾ?"

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಿಷ್ಯ ನೆಲ ನೋಡುತ್ತ ಕುಳಿತಿದ್ದ. "ಸೀಟಂತೂ ಸಿಕ್ಕಿತಲ್ಲ ಗುರುಗಳೇ" ಎಂದ. ಅವನ ದನಿ ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

"ಸಿಕ್ಕಿತು" ಎಂದರು ಗುರುಗಳು. ಶಿಷ್ಯ ಹೊರಡಲು ಎದ್ದು ಕಾಲಿಗೆ ಬಿದ್ದ. ಅವನ ತಲೆಯ ಮೇಲೆ ಕೈಯಿಟ್ಟು ಅವರು ಕೇಳಿದರು:

"ನಾಳೆ ನೀನು ಅಲ್ಲಿ ಮಾತನಾಡುವಾಗ, ನಿನ್ನ ಮಗ ಎಲ್ಲಿ ನಿಂತಿರುತ್ತಾನಪ್ಪಾ?"