ಖಳನನ್ನು ಅಳೆಯುವ ಬಗೆ

“ಗುರುಗಳೇ, ಮತ್ತೆ ಮತ್ತೆ ಬರುವ ಖಳ ಎಷ್ಟು ಅಪಾಯಕಾರಿ ಎಂದು ಅಳೆಯುವುದು ಹೇಗೆ?” ಎಂದು ಭಾರ್ಗವ ಕೇಳಿದ.

ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಆಟಗಾರರೇ ವೀರರಾಗಿ ಕತೆ ಬೆಳೆಸುವ ಆಟವೊಂದನ್ನು ಅವನು ನಡೆಸುತ್ತಿದ್ದ. ಅವನ ಖಳ ಮೂರು ಸಲ ಬಂದು ಮೂರು ಸಲವೂ ಸೋತು ಓಡಿದ್ದ. ಭಾರ್ಗವ ಪ್ರತಿ ಸಲ ಖಳನ ಬಲ ಹೆಚ್ಚಿಸಿದ. ಆಟಗಾರರ ಆಕಳಿಕೆಯೂ ಹೆಚ್ಚಿತು. ಇನ್ನೊಮ್ಮೆ ಹೀಗಾದರೆ ಆಟವನ್ನೇ ಬಿಡುತ್ತೇವೆ ಎಂದು ಅವರು ಹೇಳಿಬಿಟ್ಟಿದ್ದರು. ಆ ಆಟವೆಂದರೆ ಅವನಿಗೆ ಪ್ರಾಣ.

“ಅವನ ಬಲವನ್ನು ಇನ್ನೂ ಎಷ್ಟು ಏರಿಸಲಿ?”

“ಏರಿಸು ಮಹರಾಯ, ಆಕಾಶ ಮುಟ್ಟುವವರೆಗೂ ಏರಿಸು. ಅದಕ್ಕೆ ಮೊದಲು ಇದನ್ನು ಕೇಳು” ಎಂದರು ಗುರುಗಳು.

ಒಂದು ಕೋಟೆಯೂರಿನಲ್ಲಿ ಒಬ್ಬ ಕಾವಲುಗಾರನಿದ್ದ. ಅವನಿಗೆ ಒಬ್ಬಳೇ ಮಗಳು, ನೀಲವ್ವ. ಊರವರು ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನೀಲವ್ವನ ಅಪ್ಪ ಎಂದೇ ಕರೆಯುತ್ತಿದ್ದರು. ಆ ಊರಿನ ಕಣಜದ ಮೇಲೆ ಒಬ್ಬ ದರೋಡೆಕೋರನ ಕಣ್ಣು ಬಿತ್ತು.

ದರೋಡೆಕೋರ ಹತ್ತು ಜನರೊಡನೆ ಬಂದ. ಕಾವಲುಗಾರ ಇಪ್ಪತ್ತು ಜನರನ್ನು ನಿಲ್ಲಿಸಿ ಓಡಿಸಿದ. ಮರುವರ್ಷ ಐವತ್ತು ಜನರೊಡನೆ ಬಂದ. ನೂರು ಜನರನ್ನು ಕಂಡು ಬಾಲ ಮುದುರಿಕೊಂಡು ಓಡಿದ. “ನೀಲವ್ವನ ಅಪ್ಪ ಗೆದ್ದ!” ಎಂದು ಊರಿಗೆ ಊರೇ ಕೂಗಿತು. ಓಡುತ್ತಿದ್ದವನ ಕಿವಿಗೂ ಅದು ಬಿತ್ತು.

“ನೂರು ಜನ ಬಂದರೆ ಇನ್ನೂರು ಜನ ನಿಂತರಾಯಿತು” ಎಂದು ಕಾವಲುಗಾರ ಮೀಸೆ ತಿರುವಿದ. ಅಷ್ಟು ಜನರನ್ನು ಸೇರಿಸಿಯೂ ಬಿಟ್ಟ.

ಮುಂದಿನ ಸಲ ದರೋಡೆಕೋರ ಒಬ್ಬನೇ ಬಂದ, ಬರಿಗೈಯಲ್ಲಿ. ಕೋಟೆಯ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಏನಯ್ಯಾ, ನಿನ್ನವರೆಲ್ಲ ಕೈಕೊಟ್ಟರೇ?” ಎಂದು ಕಾವಲುಗಾರ ಮೇಲಿನಿಂದಲೇ ಕೇಳಿದ.

“ಅವರು ಹೊಳೆಯ ಹತ್ತಿರ ಇದ್ದಾರೆ. ನೀಲವ್ವ ಬಟ್ಟೆ ಒಗೆಯಲು ಬಂದಿದ್ದಾಳಲ್ಲ, ನೀನು ಬಾಗಿಲು ತೆಗೆದರೆ ಅವಳು ಮನೆ ಸೇರುತ್ತಾಳೆ.”

ಮಗಳು ಮನೆಯಲ್ಲಿದ್ದಾಳೆಯೇ ಎಂದು ನೋಡಿ ಬರಲು ಯಾರನ್ನಾದರೂ ಕಳಿಸುವಷ್ಟು ತಾಳ್ಮೆ ಕಾವಲುಗಾರನಲ್ಲಿ ಉಳಿಯಲಿಲ್ಲ. ಇಳಿದು ಬಂದು ತನ್ನ ಕೈಯಿಂದಲೇ ಅಗುಳಿ ತೆಗೆದ. ಹೊರಗೆ ಅಡಗಿದ್ದ ದರೋಡೆಕೋರನ ಗಾಡಿಗಳು ಒಳಗೆ ನುಗ್ಗಿದವು. ಕೈಯೆತ್ತಿದರೆ ನೀಲವ್ವನಿಗೆ ಏನಾದೀತೋ ಎಂದು ಇನ್ನೂರು ಜನ ಕತ್ತಿ ಹಿಡಿದುಕೊಂಡು ನೋಡುತ್ತ ನಿಂತರು. ಸಂಜೆಯೊಳಗೆ ಕಣಜ ಬರಿದಾಯಿತು. ನೀಲವ್ವ ಅಂದು ಹೊಳೆಗೆ ಹೋಗಿಯೇ ಇರಲಿಲ್ಲ. ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು.

ಗುರುಗಳು ಭಾರ್ಗವನ ಮುಖ ನೋಡಿದರು.

“ಮೂರು ಸಲ ಬಂದು ಹೋದ ನಿನ್ನ ಖಳನಿಗೆ, ಆ ವೀರರಲ್ಲಿ ಒಬ್ಬರ ಮಗುವಿನ ಹೆಸರಾದರೂ ಗೊತ್ತೇನಪ್ಪಾ?”