ಮೂಡ್ಲಯ್ಯನ ಗೂಡಿಗೆ ಮೂಗು ಬಂದದ್ದು

ಬಲು ಹಿಂದೆ, ನಮ್ಮಜ್ಜನ ಅಜ್ಜನಿಗೆ ಇನ್ನೂ ಹಾಲುಹಲ್ಲು ಮೂಡದಿದ್ದ ಕಾಲದಲ್ಲಿ, ಒಂದೂರಿತ್ತು. ಮುಚ್ಚಳಗೆರೆ ಅಂತ ಹೆಸರು. ಊರಿನ ಕೆರೆಗೆ ಮುಚ್ಚಳ ಇತ್ತು, ಅದಕ್ಕೇ ಆ ಹೆಸರು. ನಗಬೇಡಿ. ಜೊಂಡು, ಹುಲ್ಲು, ಅಂತರಗಂಗೆ ಎಲ್ಲ ಒಂದರ ಬೇರಿಗೆ ಒಂದು ಹೆಣೆದುಕೊಂಡು, ಸತ್ತದ್ದರ ಮೇಲೆ ಬದುಕಿದ್ದು ಬೆಳೆದು, ನೀರಿನ ಮೇಲೆ ಮೊಣಕಾಲುದ್ದ ದಪ್ಪದ ಹಾಸು ತೇಲುತ್ತಿತ್ತು. ಅದನ್ನೇ ಮುಚ್ಚಳ ಅನ್ನುತ್ತಿದ್ದರು. ನೀರು ಕಾಣಬೇಕಾದರೆ ಕುಡುಗೋಲಿನಿಂದ ಕೊಯ್ದು ತೂತು ಮಾಡಬೇಕು. ಅದರ ಮೇಲೆ ನರಿ ಓಡಾಡುತ್ತಿದ್ದವಂತೆ, ಎಮ್ಮೆ ಮೇಯುತ್ತಿದ್ದವಂತೆ. ಒಂದು ಸಲ ಬೀಗರ ಗುಂಪೊಂದು ವಾಲಗದ ಸಮೇತ ದಾಟಿಹೋಯಿತಂತೆ, ಕೆಳಗೆ ಕೆರೆ ಇತ್ತು ಅಂತ ಆಚೆ ದಡ ಸೇರಿದ ಮೇಲೆ ಗೊತ್ತಾಯಿತಂತೆ. ಈ ಸುತ್ತಿನ ಹನ್ನೆರಡು ಕೆರೆಯಲ್ಲಿ ಮೀನು ಹಿಡಿದವನು ನಾನು, ಆಳುದ್ದದ ಬಾಳೆಮೀನನ್ನು ಬರಿಗೈಯಲ್ಲಿ ತಬ್ಬಿ ಎತ್ತಿದವನು. ನಾನೇ ಹೇಳುತ್ತೇನೆ, ಅಂಥ ಕೆರೆ ಇನ್ನೊಂದಿಲ್ಲ.

ಊರಿನ ಬೆಸ್ತರು ಆ ಮುಚ್ಚಳದ ಮೇಲೆ ನಡೆದುಹೋಗಿ, ತೂತು ಕೊಯ್ದು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಗಾಳ ಇಳಿಬಿಡುತ್ತಿದ್ದರು. ನಡೆಯುವಾಗ ಉದ್ದನೆಯ ಗಳವನ್ನು ಅಡ್ಡ ಹಿಡಿದಿರಬೇಕು, ಕಾಲು ಕುಸಿದರೆ ಗಳ ತಡೆಯುತ್ತದೆ. ಮೇಲೆ ಹತ್ತಿದ ಮೇಲೆ ಮಾತಾಡಬಾರದು. ಮಾತು ಹಾಸಿನೊಳಗೆ ಇಳಿದು ನೀರು ಮುಟ್ಟುತ್ತದೆ, ಮೀನು ಓಡುತ್ತದೆ ಅಂತ. ಐವತ್ತು ಜನ ಕೂತಿದ್ದರೂ ಅಲ್ಲಿ ಕೆಮ್ಮಿನ ಸದ್ದು ಬಿಟ್ಟರೆ ಬೇರೆ ಇಲ್ಲ. ಹೆಂಗಸರು ಅಲ್ಲಿ ಕಾಲಿಡಬಾರದು, ಕಾಲಿಟ್ಟರೆ ಕೆರೆಯಮ್ಮ ಮುನಿಯುತ್ತಾಳೆ ಅಂತ ಇನ್ನೊಂದು ಕಟ್ಟಳೆ.

ಮೀನು ಚೆನ್ನಾಗಿ ಸಿಗುವುದು ಮಾಗಿಯಲ್ಲಿ. ಜನ ಸಾಯುತ್ತಿದ್ದದ್ದೂ ಮಾಗಿಯಲ್ಲೇ. ಆಗಿನ ಮಾಗಿ ಈಗಿನಂಥದ್ದಲ್ಲ. ನಿಂತ ಕೊಕ್ಕರೆಗಳು ನಿಂತಲ್ಲೇ ಸೆಟೆದುಕೊಂಡು, ಬೆಳಗ್ಗೆ ಹೋದವರು ಅವನ್ನು ಕಳೆ ಕಿತ್ತ ಹಾಗೆ ಕಿತ್ತುಕೊಂಡು ಬರಬಹುದಿತ್ತಂತೆ. ಕೆಳಗೆ ಒದ್ದೆ, ಮೇಲೆ ಮಂಜು, ಪಕ್ಕದಿಂದ ಮೂಡಣ ಗಾಳಿ. ತಲೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಕೂತವರು ವರ್ಷಕ್ಕಿಬ್ಬರು ಮೂವರು ಎದೆ ಹಿಡಿದುಕೊಂಡು ಹೋಗಿಬಿಡುತ್ತಿದ್ದರು.

ಆ ಊರಲ್ಲಿ ಮೂಡ್ಲಯ್ಯ ಅಂತ ಒಬ್ಬನಿದ್ದ. ಮದುವೆಯಾಗಿರಲಿಲ್ಲ. ಅಕ್ಕ ದ್ಯಾವಿಯ ಮನೆಯಲ್ಲಿ ಊಟ, ಅಕ್ಕನ ಗಂಡ ಜವರನ ಜೊತೆ ಮೀನುಗಾರಿಕೆ. ಭಾವ, ಭಾವಮೈದುನ ಇಬ್ಬರೂ ಒಂದೇ ಎಲೆಯಡಿಕೆಯನ್ನು ಹರಿದು ಹಂಚಿಕೊಳ್ಳುವಷ್ಟು ಒಂದಾಗಿದ್ದರಂತೆ. ಮೂಡ್ಲಯ್ಯನ ಕೈಯಂಥ ಕೈ ಆ ಸೀಮೆಯಲ್ಲಿ ಇರಲಿಲ್ಲ ಅಂತಾರೆ. ಅವನು ಹೆಣೆದ ಬುಟ್ಟಿಯಲ್ಲಿ ನೀರು ತರಬಹುದಿತ್ತು ಅಂತಾರೆ. ನಾನು ಆ ಬುಟ್ಟಿ ನೋಡಿದ್ದೇನೆ. ನೀರು ತುಂಬಿ ನೋಡಲಿಲ್ಲ, ಅಷ್ಟೇ.

ಒಂದು ಮಾಗಿಯಲ್ಲಿ ಮೂಡ್ಲಯ್ಯ ಯೋಚನೆ ಮಾಡಿದನಂತೆ. ಮನೆಯನ್ನೇ ಹೊತ್ತುಕೊಂಡು ಹೋದರೆ ಹೇಗೆ ಅಂತ.

ಮೊದಲು ಮೂರು ಗಳ ನಿಲ್ಲಿಸಿ ಈಚಲು ಚಾಪೆ ಸುತ್ತಿದ. ಗಾಳಿ ಎತ್ತಿಕೊಂಡು ಹೋಯಿತು. ಅದು ಮೂರು ಹರದಾರಿ ಆಚೆಯ ಊರಲ್ಲಿ ಬಿತ್ತಂತೆ. ಆ ಊರವರು ಮಳೆರಾಯನ ಛತ್ರಿ ಅಂತ ಅದಕ್ಕೆ ಮೂರು ದಿನ ಪೂಜೆ ಮಾಡಿದರಂತೆ. ಆಮೇಲೆ ಗಟ್ಟಿ ಬಿದಿರಿನಲ್ಲಿ ಕಟ್ಟಿದ. ಅದು ಹಾರಲಿಲ್ಲ, ಮುಳುಗಿತು. ಮೂಡ್ಲಯ್ಯನನ್ನೂ ಸೊಂಟದವರೆಗೆ ಎಳೆದುಕೊಂಡಿತು. ಜವರ ಗಳ ಚಾಚಿ ಎಳೆದು ಮೇಲೆ ಹಾಕಿದ. ಮೀನಿನ ಮನೆ ನೋಡಿಕೊಂಡು ಬಂದೆಯಲ್ಲ ಮೈದುನ, ಒಳ್ಳೆ ಹೆಣ್ಣಿತ್ತಾ ಅಂತ ಕೇಳಿದನಂತೆ.

ಮೂರನೆಯದು ನಿಂತಿತು. ಸೀಳಿದ ಬಿದಿರು, ಒಣಗಿದ ಜೊಂಡು ಸೇರಿಸಿ ನಾಲ್ಕು ತಟ್ಟಿ ಹೆಣೆದ. ತಟ್ಟಿಗೆ ತಟ್ಟಿಯನ್ನು ಕತ್ತಾಳೆ ನಾರಿನಿಂದ ಕಟ್ಟಿದ. ಮಡಿಸಿದರೆ ಒಂದರ ಮೇಲೊಂದು ಮಲಗುತ್ತವೆ, ಬಿಚ್ಚಿದರೆ ನಾಲ್ಕು ಗೋಡೆ. ಮೇಲಕ್ಕೊಂದು ಟೊಪ್ಪಿಗೆ. ತಲೆಯ ಮೇಲೆ ಹೊತ್ತರೆ ಒಂದು ಹೊರೆ ಹುಲ್ಲಿನ ಭಾರ. ಮುಳುಗಬಾರದಲ್ಲ, ಅದಕ್ಕೆ ನಾಲ್ಕು ಮೂಲೆಗೆ ನಾಲ್ಕು ಮೊರ ಇಟ್ಟ. ಮೊರ ಅಗಲ, ಭಾರ ಹರಡಿಕೊಂಡಿತು. ಮೊರಗಳು ದ್ಯಾವಿಯವು. ರಾಗಿ ಕೇರಬೇಕು ಅಂತ ಹುಡುಕಿದವಳಿಗೆ ಒಂದೂ ಸಿಗಲಿಲ್ಲ.

"ಇನ್ಮೇಲೆ ರಾಗಿ ಕೇರಕ್ಕೆ ನಿನ್ ತಲೇನೇ ಅಲ್ಲಾಡಿಸ್ತೀನಿ ಕಣೋ," ಅಂದಳಂತೆ. "ಒಳಗೆ ಹೊಟ್ಟು ಬಿಟ್ರೆ ಬ್ಯಾರೆ ಏನೂ ಇಲ್ವಲ್ಲ."

ಅಂದಳೇ ಹೊರತು ತಾನೇ ಇನ್ನೆರಡು ಮೊರ ತಂದುಕೊಟ್ಟಳಂತೆ.

ಒಂದು ಬಾಯಿ ಎಲೆಯಡಿಕೆ ಅಗಿದು ಮುಗಿಸುವುದರೊಳಗೆ ಮೂಡ್ಲಯ್ಯ ಗೂಡು ನಿಲ್ಲಿಸುತ್ತಿದ್ದ. ಒಳಗೆ ಕತ್ತಲು. ಕತ್ತಲಲ್ಲಿ ಕೂತು ತೂತಿನೊಳಗೆ ನೋಡಿದರೆ ಕೆಳಗಿನ ನೀರು ಹಸಿರು ಗಾಜಿನ ಹಾಗೆ ಬೆಳಗುತ್ತಿತ್ತಂತೆ. ಬಂದ ಮೀನಿನ ಮೀಸೆ ಎಣಿಸಬಹುದಿತ್ತಂತೆ. ಊರೆಲ್ಲ ಬಂದು ನೋಡಿತು.

ಆದರೆ ಜವರನಿಗೆ ಆ ವರ್ಷ ಕೆಮ್ಮು ಹಿಡಿಯಿತು. ಜೊಂಡಿನ ಸಂದಿಯಿಂದ ಬರುವ ಗಾಳಿ ಸೂಜಿಯ ಹಾಗೆ ಅವನ ಎದೆಗೆ ಚುಚ್ಚುತ್ತಿತ್ತು. ದ್ಯಾವಿ ತಮ್ಮನನ್ನು ಕೂರಿಸಿಕೊಂಡು ಕೇಳಿದಳಂತೆ. ನಿನ್ನ ಕೈಯಲ್ಲಿ ಆಗದ್ದಿಲ್ಲ, ನನ್ನ ಗಂಡನಿಗೆ ಒಂದೆಳೆ ಗಾಳಿಯೂ ನುಗ್ಗದ ಗೂಡು ಕಟ್ಟಿಕೊಡು ಅಂತ. ಅಕ್ಕ ಕೇಳಿದ್ದು ಅದೊಂದೇ.

ಮೂಡ್ಲಯ್ಯ ಹಳೆ ಕಂಬಳಿ ತಂದ. ಹುಣಸೆಬೀಜ ಅರೆದು ಅಂಟಿನಂಥ ಸರಿ ಕಾಯಿಸಿದ, ಕಂಬಳಿ ನೇಯುವವರು ನೂಲಿಗೆ ಹಚ್ಚುತ್ತಾರಲ್ಲ, ಅದೇ ಸರಿ. ಕಂಬಳಿಯನ್ನು ಅದರಲ್ಲಿ ಅದ್ದಿ ತಟ್ಟಿಗಳ ಒಳಮೈಗೆ ಹಚ್ಚಿದ. ಮೂಲೆಗೆ ಹಚ್ಚಿದ, ಟೊಪ್ಪಿಗೆಗೆ ಹಚ್ಚಿದ. ಒಣಗಿದ ಮೇಲೆ ಅದು ಮದ್ದಳೆಯ ಚರ್ಮದ ಹಾಗೆ ಟಣ್ ಅಂದಿತು. ಬಿರುಗಾಳಿ ಬೀಸುವ ಹೊತ್ತು ನೋಡಿ ಒಳಗೆ ದೀಪ ಹಚ್ಚಿಟ್ಟ. ಕುಡಿ ಒಂದಿಷ್ಟೂ ಅಲುಗಲಿಲ್ಲ. ಊರವರನ್ನು ಒಬ್ಬೊಬ್ಬರನ್ನಾಗಿ ಕರೆದು, ಬಾಗಿಸಿ, ಆ ಅಲುಗದ ಕುಡಿಯನ್ನು ತೋರಿಸಿದನಂತೆ. ಊರ ಯಜಮಾನನೇ ಬಂದು ನೋಡಿ, ನನಗೂ ಒಂದು ಬೇಕು ಅಂದ. ಆ ದಿನ ಮೂಡ್ಲಯ್ಯ ನೆಲದ ಮೇಲೆ ನಡೆಯಲಿಲ್ಲ ಅಂತಾರೆ.

ಮಾರನೆಯ ದಿನ ಬೆಳಗ್ಗೆ ಇಬ್ಬರೂ ಹೋದರು. ಜವರ ಹೊಸ ಗೂಡಲ್ಲಿ, ಮೂಡ್ಲಯ್ಯ ತನ್ನ ಹಳೆಯದರಲ್ಲಿ. ನಡುವೆ ಎರಡು ಕಲ್ಲೆಸೆತದ ದೂರ. ಜವರನಿಗೆ ಬೆಚ್ಚಗಿರಲಿ ಅಂತ ದ್ಯಾವಿ ಒಲೆಯಿಂದ ಕೆಂಡ ಬಗೆದು ಮಡಕೆ ತುಂಬ ಕೊಟ್ಟಿದ್ದಳು. ಆ ದಿನ ಮೀನು ಅಂದರೆ ಮೀನು. ಮೂಡ್ಲಯ್ಯನಿಗೆ ಗಾಳ ಬಿಚ್ಚಿ ಮತ್ತೆ ಇಳಿಸುವುದಕ್ಕೇ ಹೊತ್ತು ಸಾಲಲಿಲ್ಲ. ಭಾವನ ಗೂಡಿನಿಂದ ಕೆಮ್ಮು ಕೇಳಿಸುತ್ತಿರಲಿಲ್ಲ. ಕೆಮ್ಮು ನಿಂತಿತಲ್ಲ, ನನ್ನ ಗೂಡೇ ಗೂಡು ಅಂದುಕೊಂಡನಂತೆ. ಕರೆಯಲಿಲ್ಲ. ಮುಚ್ಚಳದ ಮೇಲೆ ಮಾತಾಡಬಾರದಲ್ಲ.

ಹೊತ್ತು ನೆತ್ತಿಗೆ ಬಂತು. ಗಂಡ ಊಟಕ್ಕೆ ಬರಲಿಲ್ಲ ಅಂತ ದ್ಯಾವಿ ಅಂಬಲಿ ಹಿಡಿದು ದಡಕ್ಕೆ ಬಂದಳು. ಕಾದಳು. ಕೈ ಬೀಸಿದಳು. ಕೊನೆಗೆ ಕಟ್ಟಳೆ ಮರೆತು ಮುಚ್ಚಳದ ಮೇಲೆ ಕಾಲಿಟ್ಟಳು. ಗಳವೂ ಇಲ್ಲದೆ ನಡೆದುಹೋದಳು. ಗೂಡಿನ ಬಾಗಿಲು ತೆಗೆದಳು.

ಜವರ ಕೂತೇ ಇದ್ದ. ಗಾಳದ ದಾರ ಬೆರಳಿಗೆ ಸುತ್ತಿಕೊಂಡೇ ಇತ್ತು. ಮೈಮೇಲೆ ಒಂದು ಗಾಯವಿಲ್ಲ, ಬಟ್ಟೆ ಒದ್ದೆಯಾಗಿಲ್ಲ. ಮುಖ ಮಾತ್ರ ಕೆಂಪಗೆ, ಹೊಸ ಮದುಮಗನ ಮುಖದ ಹಾಗೆ ಕೆಂಪಗೆ ಇತ್ತಂತೆ.

ಊರು ಆ ಮುಖ ನೋಡಿತು. ಕೆರೆಯಮ್ಮನೇ ಕುಂಕುಮ ಬಳಿದು ಕರೆದುಕೊಂಡಳು ಅಂದಿತು. ಯಾಕೆ ಕರೆದುಕೊಂಡಳು? ಹೆಂಗಸು ಮುಚ್ಚಳ ತುಳಿದಳಲ್ಲ, ಅದಕ್ಕೇ. ಅವಳು ತುಳಿಯುವ ಮೊದಲೇ ಅವನು ಸತ್ತಿದ್ದ ಅಂತ ಯಾರೂ ಲೆಕ್ಕ ಹಾಕಲಿಲ್ಲ. ಹನ್ನೊಂದರ ದಿನ ಕಳೆದ ಕೂಡಲೇ ದ್ಯಾವಿ ಊರು ಬಿಡಬೇಕು, ಇಲ್ಲವಾದರೆ ಕೆರೆಯಮ್ಮ ಇನ್ನಷ್ಟು ಗಂಡಸರನ್ನು ಕೇಳುತ್ತಾಳೆ ಅಂತ ಯಜಮಾನ ಹೇಳಿದ. ಹೋಗುವುದಕ್ಕೆ ಅವಳಿಗೆ ತವರಿರಲಿಲ್ಲ. ತವರು ಅಂದರೆ ಮೂಡ್ಲಯ್ಯನೇ. ತಾನೇ ಕಾಲಿಟ್ಟು ಗಂಡನನ್ನು ಕೊಂದೆ ಅಂತ ದ್ಯಾವಿಯೂ ನಂಬಿಬಿಟ್ಟಿದ್ದಳು.

ಇತ್ತ ಮೂಡ್ಲಯ್ಯನ ಮನೆ ಬಾಗಿಲಿಗೆ ಜನ ಬರುತ್ತಿದ್ದರು. ಗೂಡಿನದೇನೂ ತಪ್ಪಿಲ್ಲ, ನಮಗೂ ಅಂಥದ್ದೇ ಕಟ್ಟಿಕೊಡು ಅಂತ. ಏಳು ಜನ ಕೇಳಿದ್ದರಂತೆ.

ಮೂಡ್ಲಯ್ಯನಿಗೆ ಆ ಕೆಂಪು ಮುಖ ಕಣ್ಣಿಂದ ಹೋಗಲಿಲ್ಲ. ನೀರು ಮುಟ್ಟದವನನ್ನು ಕೆರೆ ಹೇಗೆ ಕೊಂದಿತು? ಐದನೆಯ ದಿನ ಆ ಗೂಡನ್ನು ಹೊತ್ತು ತಂದು ಹಿತ್ತಲಲ್ಲಿ ನಿಲ್ಲಿಸಿದ. ಒಳಗೆ ಕೆಂಡದ ಮಡಕೆ ಇಟ್ಟ, ಒಂದು ಕೋಳಿ ಬಿಟ್ಟ, ಬಾಗಿಲು ಹಾಕಿದ. ಸ್ವಲ್ಪ ಹೊತ್ತಿಗೆ ತೆಗೆದು ನೋಡಿದರೆ ಕೋಳಿ ಕಾವಿಗೆ ಕೂತ ಹಾಗೆ ಕೂತಿತ್ತು, ಜುಟ್ಟು ಕೆಂಪಗೇ ಇತ್ತು, ಜೀವ ಇರಲಿಲ್ಲ. ಆಮೇಲೆ ಟೊಪ್ಪಿಗೆಯಲ್ಲಿ ಅಂಗೈಯಗಲ, ಬುಡದಲ್ಲಿ ಅಂಗೈಯಗಲ ಕೊಯ್ದು ಇನ್ನೊಂದು ಕೋಳಿ ಬಿಟ್ಟ. ಅದು ಕೊಕ್ಕೊಕ್ಕೋ ಅಂತ ಬೈದುಕೊಂಡು ಹೊರಗೆ ಬಂತಂತೆ. ಕೋಳಿ ಅಲ್ಲ, ಬೆಕ್ಕು ಅಂತ ಕೆಲವರು ಹೇಳುತ್ತಾರೆ. ನಮ್ಮಜ್ಜ ಕೋಳಿ ಅಂತಿದ್ದ. ನಮ್ಮಜ್ಜ ಸುಳ್ಳು ಹೇಳುತ್ತಿದ್ದದ್ದು ಮೀನಿನ ಉದ್ದದ ವಿಷಯದಲ್ಲಿ ಮಾತ್ರ.

ಆಗ ಗೊತ್ತಾಯಿತು. ಗೊತ್ತಾದ ಮೇಲೆ ಮೂಡ್ಲಯ್ಯ ಆರು ದಿನ ಬಾಯಿ ಬಿಡಲಿಲ್ಲ. ಅವನನ್ನು ಬೈಯಬೇಡಿ. ಹೇಳಿದರೆ ಅಕ್ಕ ಊರಲ್ಲಿ ಉಳಿಯುತ್ತಾಳೆ. ಆದರೆ ಕೆಂಡ ತುಂಬಿ ಕೊಟ್ಟದ್ದು ನನ್ನ ಕೈ, ಗೂಡು ಕೇಳಿದ್ದು ನನ್ನ ಬಾಯಿ ಅಂತಲೂ ಅವಳಿಗೆ ಗೊತ್ತಾಗುತ್ತದೆ. ಯಾವುದು ಮೇಲು? ನಾನು ಇಷ್ಟು ವರ್ಷ ಬದುಕಿದ್ದೇನೆ, ನನಗೂ ಗೊತ್ತಿಲ್ಲ.

ಹನ್ನೊಂದರ ದಿನ ಊರು ಸೇರಿತು. ದ್ಯಾವಿ ಗಂಟು ಕಟ್ಟಿಕೊಂಡು ಬಂದು ನಿಂತಿದ್ದಳು. ಮೂಡ್ಲಯ್ಯ ಗೂಡು ಹೊತ್ತು ತಂದ. ಅವನು ಹಿತ್ತಲಲ್ಲಿ ಕೊಯ್ದಿದ್ದ ಎರಡು ತೂತುಗಳಿಗೂ ಮತ್ತೆ ಕಂಬಳಿ ಹಚ್ಚಿದ್ದ. ಎಲ್ಲರ ಮುಂದೆ ನಿಲ್ಲಿಸಿದ. ಕೆಂಡದ ಮಡಕೆಯನ್ನು ತಾನೇ ತುಂಬಿದ.

"ಭಾವನ್ನ ತಿಂದಿದ್ದು ಕೆರೆಯಮ್ಮ ಅಲ್ಲ, ನಮ್ಮಕ್ಕನ ಕಾಲೂ ಅಲ್ಲ," ಅಂದ. "ಕೆಂಡ ಕೆಂಡದ ಕೆಲಸ ಮಾಡ್ತು. ಉಸಿರು ಹೋಗೋ ದಾರಿ ಮುಚ್ಚಿದ್ದು ನಾನು. ಈ ಕೈ. ಸುಳ್ಳು ಅನ್ನೋರು ಒಂದು ಎಲೆಯಡಿಕೆ ಹಾಕ್ಕೊಳಿ. ಅಗಿದು ಉಗಿಯೋ ಹೊತ್ತಿಗೆ ಬಾಗಿಲು ತೆಗೀರಿ."

ಒಳಗೆ ಹೋಗಿ ಬಾಗಿಲು ಎಳೆದುಕೊಂಡ.

ಯಜಮಾನ ಎಲೆಗೆ ಸುಣ್ಣ ಹಚ್ಚಿದ. ಉಳಿದವರು ಅವನ ಬಾಯಿ ನೋಡುತ್ತ ಕೂತರು. ಒಳಗಿನಿಂದ ಮೊದಲು ಒಂದು ಕೆಮ್ಮು ಬಂತು, ಆಮೇಲೆ ಕೈಯೋ ಕಾಲೋ ತಟ್ಟಿಗೆ ತಗುಲಿದ ಸದ್ದು, ಆಮೇಲೆ ಏನೂ ಇಲ್ಲ. ದ್ಯಾವಿ ಗಂಟು ಕೆಳಗಿಟ್ಟಳು. ಗೂಡಿನ ಹತ್ತಿರ ಹೋಗಿ, "ಇದ್ದೀಯಾ?" ಅಂದಳು. ಉತ್ತರ ಬರಲಿಲ್ಲ. ಇನ್ನೊಂದು ಸಲ ಅಂದಳು. ಬರಲಿಲ್ಲ. ಯಜಮಾನ ಇನ್ನೂ ಅಗಿಯುತ್ತಲೇ ಇದ್ದನಂತೆ. ದ್ಯಾವಿ ಕಾಲೆತ್ತಿ ಒದ್ದಳು. ನಾಲ್ಕು ತಟ್ಟಿ ನಾಲ್ಕು ಕಡೆ ಬಿದ್ದವು. ಮೂಡ್ಲಯ್ಯ ಮಡಕೆಯ ಪಕ್ಕದಲ್ಲಿ ಒರಗಿದ್ದ. ಮುಖ ಕೆಂಪಗಿತ್ತು.

ಬಯಲಿನ ಗಾಳಿಗೆ ಅವನ ಉಸಿರು ಮರಳಿತು. ತಲೆ ನೆಟ್ಟಗಾಗುವುದಕ್ಕೆ ಒಂದು ತಿಂಗಳು ಹಿಡಿಯಿತು. ದ್ಯಾವಿ ಊರು ಬಿಡಲಿಲ್ಲ. ಯಾರೂ ಬಿಡು ಅನ್ನಲಿಲ್ಲ.

ಆಮೇಲೆ ಆ ಊರಿನ ಗೂಡುಗಳಿಗೆಲ್ಲ ಮೂಡ್ಲಯ್ಯನೇ ನೆತ್ತಿಗೊಂದು ಬುಡಕ್ಕೊಂದು ತೂತು ಕೊಯ್ದ. ಮೂಗು ಅಂತ ಅದಕ್ಕೆ ಹೆಸರು. ಅವನು ಮುಚ್ಚಳದ ಮೇಲೆ ಗೂಡಿಂದ ಗೂಡಿಗೆ ನಡೆದು, ಒಳಗೆ ಯಾರೇ ಇರಲಿ, "ಭಾವಾ, ಇದ್ದೀಯಾ?" ಅಂತ ಗಟ್ಟಿಯಾಗಿ ಕೇಳುತ್ತಿದ್ದ. ಮೊದಮೊದಲು ಮೀನು ಓಡಿಸುತ್ತಾನೆ ಅಂತ ಬೈದರು. ಎರಡು ಮಾಗಿ ಕಳೆದವು, ಯಾರೂ ಸಾಯಲಿಲ್ಲ. ಬೈಯುವುದು ಬಿಟ್ಟರು.

ಅಕ್ಕ ಅವನಿಗೆ ದಿನಾ ಊಟ ಇಕ್ಕಿದಳು. ಮಾತು ಮಾತ್ರ ಆಡಲಿಲ್ಲ. ದಿನಕ್ಕೊಂದು ಸಲ, ಹೊತ್ತು ನೆತ್ತಿಗೆ ಬಂದಾಗ, ದಡದಲ್ಲಿ ನಿಂತು ಅವನ ಗೂಡಿನ ಕಡೆ ನೋಡಿ ಇದ್ದೀಯಾ ಅನ್ನುತ್ತಿದ್ದಳು. ಅವನು ಇದ್ದೀನಿ ಅನ್ನುತ್ತಿದ್ದ. ಅಕ್ಕ ತಮ್ಮನ ನಡುವೆ ಉಳಿದದ್ದು ಅಷ್ಟೇ ಅಂತಾರೆ. ಇಪ್ಪತ್ತು ವರ್ಷ ಅಂತಾರೆ ಕೆಲವರು, ನಲವತ್ತು ಅಂತಾರೆ ಕೆಲವರು. ಒಂದು ಮಾಗಿಯಲ್ಲಿ ಉತ್ತರ ಬರಲಿಲ್ಲ. ಮುದುಕಿ ಮುಚ್ಚಳದ ಮೇಲೆ ತಾನೇ ನಡೆದುಹೋದಳು, ಯಾರೂ ತಡೆಯಲಿಲ್ಲ. ಒದ್ದಳು. ಮೂಡ್ಲಯ್ಯ ತಣ್ಣಗಾಗಿದ್ದ. ಗೂಡಿನ ಎರಡು ಮೂಗೂ ತೆರೆದೇ ಇದ್ದವು. ಕೆಂಡದ ಮಡಕೆ ಮಾತ್ರ ಇರಲಿಲ್ಲ. ಅಷ್ಟು ಮಾಗಿಗಳಲ್ಲಿ ಅವನು ತನ್ನ ಗೂಡಿನೊಳಗೆ ಒಂದು ದಿನವೂ ಕೆಂಡ ಇಟ್ಟುಕೊಂಡಿರಲಿಲ್ಲವಂತೆ.

ಈಗಲೂ ಮುಚ್ಚಳಗೆರೆಗೆ ಮಾಗಿಯಲ್ಲಿ ಹೋಗಿ ನೋಡಿ. ಗೂಡು ನಿಲ್ಲಿಸಿದವನು ಮೊದಲು ನೆತ್ತಿಯ ತೂತಿನಲ್ಲಿ ಕೈ ತೂರಿಸಿ, ಬುಡದ ತೂತಿನಲ್ಲಿ ಕಾಲ್ಬೆರಳು ತೂರಿಸಿ ನೋಡುತ್ತಾನೆ, ಆಮೇಲೆ ಕೆಂಡ ಒಳಗಿಡುತ್ತಾನೆ. ನಾಲ್ಕು ಮೀನಿಗೊಂದು ಸಲ ಪಕ್ಕದ ಗೂಡನ್ನು ಕೂಗುತ್ತಾನೆ. ಒಳಗಿರುವವನು ಅಣ್ಣನಿರಲಿ, ಮಾವನಿರಲಿ, ಜಗಳವಾಡಿ ಮಾತು ಬಿಟ್ಟವನಿರಲಿ, ಕೂಗುವುದು ಭಾವಾ ಅಂತಲೇ. ಅಪ್ಪ ಮಗನನ್ನು ಭಾವ ಅಂತ ಕರೆಯುವುದು ಈ ಭೂಮಿಯ ಮೇಲೆ ಅದೊಂದೇ ಜಾಗದಲ್ಲಿ. ನಾನೂ ನನ್ನ ಮಗನನ್ನು ಹಾಗೇ ಕರೆದಿದ್ದೇನೆ. ಎರಡು ಸಲ ಕರೆಯುತ್ತಾರೆ. ಉತ್ತರ ಬರದಿದ್ದರೆ ಮೂರನೆಯ ಸಲ ಕರೆಯುವುದಿಲ್ಲ, ಎಷ್ಟು ದೊಡ್ಡ ಮೀನು ಕಚ್ಚಿರಲಿ, ದಾರ ಬಿಟ್ಟು ಹೋಗಿ ಗೂಡನ್ನು ಒದೆಯುತ್ತಾರೆ.